ಒತ್ತಿ ಹಿಡಿ ಎಂದವನು ನಾನೇ

ಅವತ್ತು ಮಳೆ ಇರಲಿಲ್ಲ. ಹಿಂದಿನ ದಿನ ಸುರಿದು ಹೋಗಿತ್ತು, ಬೆಳಿಗ್ಗೆ ಒಳ್ಳೆಯ ಬಿಸಿಲು ಬಿದ್ದಿತ್ತು. ಕುಪ್ಪೇಲೂರಿನಿಂದ ಕೂಲಿಯ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ರಾಣೇಬೆನ್ನೂರು ದಾಟಿ ಬ್ಯಾಡಗಿಯ ಹಾದಿ ಹಿಡಿದಿದ್ದೆ. ನಾನು ಯಾವ ಸ್ವಿಚ್ಚನ್ನೂ ಮುಟ್ಟಿರಲಿಲ್ಲ. ಗಾಜಿನ ಮೇಲಿನ ವೈಪರ್ ತಾನಾಗಿಯೇ ಎದ್ದು, ಒಣ ಗಾಜನ್ನು ಕೆರೆಯುತ್ತ ಒಂದು ಸಲ ಆ ಕಡೆ ಹೋಗಿ ಬಂದು ಮತ್ತೆ ಮಲಗಿತು.

ಹಿಂದಿನ ಸೀಟಿನಲ್ಲಿ ನಮ್ಮ ಗಾಡಿಯ ಎಲ್ಲರಿಗಿಂತ ಹಿರಿಯಳಾದ ಆಯಿ ಕೂತಿದ್ದಳು. ಅರವತ್ತೆಂಟರ ನನ್ನನ್ನು ತಮ್ಮಾ ಎಂದು ಕರೆಯುತ್ತಿದ್ದವಳು ಆಕೆಯೊಬ್ಬಳೇ. "ತಮ್ಮಾ, ನಿನ್ನ ಗಾಡಿ ಯಾರಿಗೋ ಕೈ ಮಾಡಿ ಕರೀತು ನೋಡೋ," ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಎಡಕ್ಕೆ, ಮುಂದಿನ ಸೀಟಿನಲ್ಲಿ ಕೂತವಳು ಮಾತ್ರ ನಗಲಿಲ್ಲ. ಬಗ್ಗಿ ತನ್ನ ಕಾಲ ಬುಡವನ್ನು ನೋಡುತ್ತಿದ್ದಳು.

"ಕಾಕಾರ, ಇಲ್ಲೆ ನೀರು ನಿಂತೈತ್ರಿ," ಎಂದಳು.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಅರ್ಜಿ ಬರೆದು ಗೊತ್ತು, ಇಂಥದ್ದನ್ನು ಬರೆದು ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ನೀರು ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ. ಅದರಿಂದ ಆ ಮುಂದಿನ ಸೀಟಿನ ಹೆಣ್ಣುಮಗಳ ಬಲಗೈ ಹೋಯಿತು. ಅವಳಿಗೆ ಬಲಗೈ ಎಂದರೆ ಏನು ಎಂಬುದನ್ನು ಮೊದಲು ಹೇಳಬೇಕು.

ಬ್ಯಾಡಗಿಯ ಶೆಡ್ಡುಗಳಲ್ಲಿ ಒಣ ಮೆಣಸಿನಕಾಯಿಯ ತುಂಬು ಬಿಡಿಸುವ ಕೆಲಸ ವರ್ಷವಿಡೀ ಇರುತ್ತದೆ. ತುಂಬು ಎಂದರೆ ತೊಟ್ಟು. ಸುಗ್ಗಿಯಲ್ಲಿ ಮಾರುಕಟ್ಟೆಯ ಮಾಲು, ಮಳೆಗಾಲದಲ್ಲಿ ಕೋಲ್ಡ್ ಸ್ಟೋರೇಜಿನಿಂದ ಹೊರತೆಗೆದ ಮಾಲು. ಹೆಣ್ಣುಮಕ್ಕಳು ಸಾಲಾಗಿ ತಾಡಪತ್ರಿಯ ಮೇಲೆ ಕೂತು ಕಾಯಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತುಂಬು ಮುರಿಯುತ್ತಾರೆ. ಕಾಯಿ ಒಡೆಯಬಾರದು, ಬೀಜ ಚೆಲ್ಲಬಾರದು. ಸಂಜೆ ಬಿಡಿಸಿದ್ದನ್ನು ತೂಗುತ್ತಾರೆ. ತೂಕದ ಮೇಲೆ ಕೂಲಿ. ಮುಂದಿನ ಸೀಟಿನಾಕೆಯಷ್ಟು ಬೇಗ ಬಿಡಿಸುವವರು ಆ ಶೆಡ್ಡಿನಲ್ಲಿ ಇರಲಿಲ್ಲ. ಅವಳು ಬಿಡಿಸುವಾಗ ಬೆರಳು ಕಾಣುತ್ತಿರಲಿಲ್ಲ, ಚಟಚಟ ಸದ್ದಷ್ಟೇ ಕೇಳುತ್ತಿತ್ತು ಎಂದು ಉಳಿದವರು ಹೇಳುತ್ತಿದ್ದರು. ಗಂಡ ಇರಲಿಲ್ಲ. ಮಗಳು ಹಾವೇರಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು. ಮನೆಯಲ್ಲಿ ದುಡಿಯುವುದು ಎಂದರೆ ಆ ಎರಡು ಬೆರಳು.

ನನ್ನದು ಹಳೆಯ ಡೀಸೆಲ್ ಗಾಡಿ. ಹತ್ತು ಜನರ ಲೈಸೆನ್ಸು, ಹದಿಮೂರು ಜನ ಕೂರುತ್ತಿದ್ದರು. ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿಗೂ ಗಾಜಿಗೂ ನಡುವೆ, ಜಾಲರಿಯ ಹಾಗೆ ಸೀಳು ಸೀಳಾದ ಒಂದು ತಗಡು ಇರುತ್ತದೆ. ಗಾಜಿನ ಮೇಲೆ ಬಿದ್ದ ಮಳೆ ಅದರೊಳಗೆ ಇಳಿದು, ಒಳಗಿನ ಸಣ್ಣ ಕಾಲುವೆಯಲ್ಲಿ ಹರಿದು, ಎಡಮೂಲೆಯ ತೂತಿನಿಂದ ನೆಲಕ್ಕೆ ಹೋಗುತ್ತದೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಹದಿನಾರು ವರ್ಷ ಆ ಗಾಡಿ ಓಡಿಸಿದರೂ ಆ ಜಾಲರಿಯ ಕೆಳಗೆ ಏನಿದೆ ಎಂದು ನಾನು ಯೋಚಿಸಿದವನಲ್ಲ. ಆದರೆ ಅದನ್ನು ಬಳಸಿದವನು.

ಶನಿವಾರ ಶನಿವಾರ ಬ್ಯಾಡಗಿಗೆ ಹೋಗುವಾಗ ಕದರಮಂಡಲಗಿಯಲ್ಲಿ ಗಾಡಿ ನಿಲ್ಲಿಸುತ್ತಿದ್ದೆ. ಆಂಜನೇಯನಿಗೆ ಕೈಮುಗಿದು ಬಂದು, ಪ್ರಸಾದದ ಮಾಲೆಯನ್ನು ಗಾಜಿನ ಬುಡದಲ್ಲಿ ಏರಿಸಿ, ತೀರ್ಥವನ್ನು ಬಾನೆಟ್ಟಿಗೆ ಚಿಮುಕಿಸಿ ಹೊರಡುವುದು. ಮುಂದಿನ ಶನಿವಾರದ ಹೊತ್ತಿಗೆ ಆ ಮಾಲೆ ಒಣಗಿರುತ್ತಿತ್ತು. ದೇವರಿಗೆ ಏರಿಸಿದ ಹೂವನ್ನು ದಾರಿಯಲ್ಲಿ ಎಸೆಯುವಂತಿಲ್ಲ, ಯಾರಾದರೂ ತುಳಿದರೆ ಪಾಪ. ಹೊಳೆಗೆ ಬಿಡೋಣವೆಂದರೆ ಐರಣಿಯ ತನಕ ಪ್ರತಿ ವಾರ ಯಾರು ಹೋಗುತ್ತಾರೆ? ಹಾಗಾಗಿ ಒಣಗಿದ ಹೂವನ್ನು ಬೆರಳಿನಿಂದ ಆ ಜಾಲರಿಯ ಸೀಳುಗಳಲ್ಲಿ ಒತ್ತಿಬಿಡುತ್ತಿದ್ದೆ. ಒಳಗೆ ಬಿದ್ದರೆ ಯಾರ ಕಾಲಿಗೂ ಸಿಗುವುದಿಲ್ಲ, ದೇವರೂ ಗಾಡಿಯಲ್ಲೇ ಉಳಿದ ಹಾಗೆ. ಸೇವಂತಿಗೆ, ಚೆಂಡುಹೂವು, ಎಕ್ಕದೆಲೆ, ದಾರ, ಕುಂಕುಮ. ವರ್ಷಗಟ್ಟಲೆ ಹೀಗೇ ನಡೆಯಿತು. ಅದನ್ನೊಂದು ಒಳ್ಳೆಯ ಉಪಾಯ ಎಂದುಕೊಂಡಿದ್ದೆ, ಬೇರೆ ಚಾಲಕರಿಗೂ ಹೇಳಿಕೊಟ್ಟಿದ್ದೆ.

ಅವತ್ತು ಅವಳು ನೀರು ನಿಂತಿದೆ ಎಂದಾಗ ನಾನು ಗಾಡಿ ನಿಲ್ಲಿಸಿ ನೋಡಲಿಲ್ಲ. ಅವಳ ಕಾಲ ಬಳಿ ಎರಡು ಲೀಟರಿನ ನೀರಿನ ಬಾಟಲಿ ಇತ್ತು. ಶೆಡ್ಡಿನಲ್ಲಿದ್ದ ಡ್ರಮ್ಮಿನ ನೀರಿನ ಮೇಲೆ ಖಾರದ ಧೂಳು ಪದರ ಕಟ್ಟಿರುತ್ತಿದ್ದುದರಿಂದ ಎಲ್ಲರೂ ಮನೆಯಿಂದಲೇ ನೀರು ಒಯ್ಯುತ್ತಿದ್ದರು. ನಾನು ಎಲ್ಲರಿಗೂ ಕೇಳುವಂತೆ, ಬಾಟಲಿ ಸೋರುತ್ತಿದೆ, ಮುಚ್ಚಳ ಸರಿ ಹಾಕಿಕೋ, ಗಾಡಿ ಕೊಳೆಯುತ್ತದೆ ಎಂದೆ. ಅವಳು ಬಾಟಲಿ ಎತ್ತಿ ತಿರುಗಿಸಿ ನೋಡಿದಳು. ಅದರ ಹೊರಮೈ ಒಣಗಿತ್ತು. ನನಗೂ ಅದು ಕಂಡಿತು. ಆಯಿ ಹಿಂದಿನಿಂದ, "ಎವ್ವಾ, ನೀನು ಕುಡಿಯೂದಕ್ಕಿಂತ ಚೆಲ್ಲೂದs ಹೆಚ್ಚಾತಲ್ಲ," ಎಂದು ಚಾಷ್ಟಿ ಮಾಡಿದಳು.

ಮರುದಿನವೂ ನೀರಿತ್ತು. ಅದರ ಮರುದಿನವೂ. ನಾಲ್ಕನೆಯ ದಿನ ನಾನು ಮತ್ತೆ ರೇಗಿದೆ. ಐದನೆಯ ದಿನದಿಂದ ಅವಳು ಬಾಟಲಿ ತರುವುದನ್ನೇ ಬಿಟ್ಟಳು. ಹಗಲೆಲ್ಲ ಖಾರದ ನಡುವೆ ಕೂತು, ಬೇರೆಯವರು ಕೊಟ್ಟರೆ ಒಂದು ಗುಟುಕು ಕುಡಿಯುತ್ತಿದ್ದಳಂತೆ. ಬಾಟಲಿ ಇಲ್ಲದ ಮೇಲೂ ಕಾಲ ಕೆಳಗಿನ ನೀರು ಹೋಗಲಿಲ್ಲ. ಅವಳು ಹಳೆಯ ಸೀರೆಯ ತುಂಡೊಂದನ್ನು ತಂದು ಅಲ್ಲಿ ಹಾಸಿ ಅದರ ಮೇಲೆ ಕಾಲಿಟ್ಟು ಕೂರುತ್ತಿದ್ದಳು. ಇಳಿಯುವಾಗ ಹಿಂಡಿ ಹೊರಗೆ ಚೆಲ್ಲುತ್ತಿದ್ದಳು. ನಾನು ನೋಡದವನಂತೆ ಇರುತ್ತಿದ್ದೆ.

ಆಮೇಲೆ ಗಾಡಿ ಒಂದೊಂದಾಗಿ ತನ್ನಿಚ್ಛೆಯಂತೆ ಆಡತೊಡಗಿತು. ಎಡಕ್ಕೆ ಹೊರಳುವ ಇಂಡಿಕೇಟರ್ ಹಾಕಿದರೆ ಮುಂದಿನ ದೀಪ ಮಂಕಾಗುತ್ತಿತ್ತು. ಬ್ರೇಕ್ ಒತ್ತಿದರೆ ಒಳಗಿನ ದೀಪ ಹತ್ತಿಕೊಳ್ಳುತ್ತಿತ್ತು. ಒಂದು ಬೆಳಿಗ್ಗೆ ಎದುರಿನಿಂದ ಶವದ ಮೆರವಣಿಗೆ ಬಂತು. ನಾನು ರೂಢಿಯಂತೆ ಗಾಡಿಯನ್ನು ಬದಿಗೆ ಹಾಕಿ, ಎಂಜಿನ್ ಆರಿಸಿ, ಕೆಳಗಿಳಿದು ಕೈಮುಗಿದು ನಿಂತೆ. ಹೆಣ ಸರಿಯಾಗಿ ನಮ್ಮ ಬಾಗಿಲ ಬಳಿ ಬಂದಾಗ ಹಾರ್ನ್ ಕೂಗಿತು. ಒಂದೇ ಸಮನೆ, ನಿಲ್ಲದೆ. ಹೊತ್ತವರು ನಿಂತುಬಿಟ್ಟರು. ಭಜನೆ ನಿಂತಿತು. ನಾನು ಓಡಿ ಬಂದು ಸ್ಟೇರಿಂಗ್ ಬಡಿದೆ, ಕೀಲಿ ತೆಗೆದೆ, ನಿಲ್ಲಲಿಲ್ಲ. ಕೊನೆಗೆ ಬಾನೆಟ್ ಎತ್ತಿ ವೈರು ಕಿತ್ತೆ. ಮೆರವಣಿಗೆಯಲ್ಲಿದ್ದ ಒಬ್ಬ ಮುದುಕ ನನ್ನನ್ನಲ್ಲ, ಗಾಡಿಯೊಳಗಿನ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿ ಮುಂದೆ ಹೋದ.

ಮರುದಿನ ಅವರನ್ನು ಬ್ಯಾಡಗಿಯಲ್ಲಿ ಇಳಿಸಿ ರಾಣೇಬೆನ್ನೂರಿಗೆ ವಾಪಸು ಹೋಗಿ, ಗಾಡಿಗಳ ಕರೆಂಟ್ ಕೆಲಸ ಮಾಡುವ ಮಿಸ್ತ್ರಿಯ ಹತ್ತಿರ ಒಯ್ದೆ. ಆತ ಮುಸ್ಲಿಮರವನು. ಮನೆಯವರ ಜೊತೆ ಫೋನಿನಲ್ಲಿ ಉರ್ದು, ನಮ್ಮ ಜೊತೆ ನಮ್ಮದೇ ಮಾತು. ಹಾರ್ನಿನ ಕಥೆ ಕೇಳಿ ಮೊದಲು ನಕ್ಕ. ಆಮೇಲೆ ಎಡಬದಿಯ ಬಾಗಿಲು ತೆಗೆದು, ಮುಂದಿನ ಸೀಟಿನ ಎದುರಿಗೆ ಮೊಣಕಾಲು ತಾಗುವಲ್ಲಿರುವ ಫ್ಯೂಸಿನ ಡಬ್ಬಿ ಬಿಚ್ಚಿದ. ನಗು ನಿಲ್ಲಿಸಿದ. ಒಳಗೆ ತಾಮ್ರವೆಲ್ಲ ಹಸಿರುಗಟ್ಟಿತ್ತು. ಬೆರಳಿಟ್ಟರೆ ನೀರು ಹತ್ತಿತು. ವೈಪರ್ ಬಿಚ್ಚಿ ಜಾಲರಿಯ ತಗಡು ಎತ್ತಿದ.

ಕೆಳಗಿನ ಕಾಲುವೆ ಕರ್ರಗಿನ ಗೊಜ್ಜಿನಿಂದ ತುಂಬಿತ್ತು. ವಾಸನೆ ಬಡಿಯಿತು. ಅದರ ಮೇಲೆ ನೀರು ನಿಂತು, ತೂತಿಗೆ ಹೋಗಲು ದಾರಿಯಿಲ್ಲದೆ, ಅಂಚು ದಾಟಿ ಸೀದಾ ಫ್ಯೂಸಿನ ಡಬ್ಬಿಯ ಮೇಲೆ ಇಳಿಯುತ್ತಿತ್ತು.

"ಏನ್ ಚಾಚಾ, ಇಲ್ಲೆ ತ್ವಾಟಾ ಮಾಡೀರೇನು?" ಎಂದ ಮಿಸ್ತ್ರಿ. ತಂತಿಯ ಕೊಕ್ಕೆ ಹಾಕಿ ಎಳೆದಾಗ ಮಾಲೆಯ ದಾರ ಬಂತು, ದಾರದಲ್ಲಿ ಕುಂಕುಮದ ಕೆಂಪು ಇನ್ನೂ ಉಳಿದಿತ್ತು. ಆತ ಒಂದು ಕ್ಷಣ ತಡೆದ. ಆಮೇಲೆ ಹಳೆಯ ಪೇಪರು ಹಾಸಿ ಅಷ್ಟನ್ನೂ ಅದರ ಮೇಲೆ ತೆಗೆದಿಟ್ಟು, ಮಡಚಿ ನನ್ನ ಕೈಗೆ ಕೊಟ್ಟ. ಗಟಾರದ ಪಕ್ಕದಲ್ಲೇ ಕೂತಿದ್ದರೂ ಗಟಾರಕ್ಕೆ ಹಾಕಲಿಲ್ಲ. ನಾನು ಅದನ್ನು ಹಿಡಿದು ನಿಂತಿದ್ದೆ, ಭಾರವಾಗಿತ್ತು.

ತೂತು ಬಿಡಿಸಿದರೂ ಉಪಯೋಗವಿಲ್ಲ, ಹೂವು ಕೊಳೆತಲ್ಲಿ ತಗಡೇ ತಿಂದುಹೋಗಿದೆ ಎಂದು ತೋರಿಸಿದ. ತಗಡು ಬೆಸೆಯಬೇಕು, ಡಬ್ಬಿ ಬದಲಿಸಬೇಕು, ಆ ಕಡೆಯ ವೈರೆಲ್ಲ ಹೊಸದು ಹಾಕಬೇಕು. ಗಾಡಿ ನಾಲ್ಕು ದಿನ ಬಿಟ್ಟು ಹೋಗ್ರಿ ಎಂದ. ನಾನು ಮಳೆಗಾಲ ಮುಗಿಯಲಿ, ತರುತ್ತೇನೆ ಎಂದೆ. ಆತ ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನ ಮುಖ ನೋಡಿದ.

"ಚಾಚಾ, ಲೂಸ್ ಕಾಂಟ್ಯಾಕ್ಟ್ ಅಂದ್ರ ಅದು ಬೆಂಕಿರಿ. ಈಗ ಮಕ್ಕೊಂಡೈತಿ, ಅಷ್ಟ. ಇಲ್ಲೆ ಯಾರೂ ಕೈ ಹಚ್ಚಬಾರದು, ಹೇಳಿರ್ತೇನಿ."

ಈ ಮಾತನ್ನು ಆತ ಸ್ಪಷ್ಟವಾಗಿ ಹೇಳಿದ. ನನಗೆ ಕಿವಿ ಮಂದವಿಲ್ಲ.

ನಾಲ್ಕು ದಿನ ಗಾಡಿ ನಿಂತರೆ ಹೆಣ್ಣುಮಕ್ಕಳು ಬೇರೆ ಗಾಡಿ ಹತ್ತುತ್ತಾರೆ, ಹತ್ತಿದವರು ತಿರುಗಿ ಬರುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಅದು ಸುಳ್ಳಲ್ಲ. ಆದರೆ ಅದಷ್ಟೇ ಅಲ್ಲ. ಗಾಡಿ ಯಾಕೆ ಬಿಟ್ಟೆ ಎಂದು ಅವರು ಕೇಳುತ್ತಿದ್ದರು. ನೀರು ಮೇಲಿಂದ ಬರುತ್ತಿತ್ತು, ಬಾಟಲಿಯಿಂದಲ್ಲ ಎಂದು ನಾನು ಹೇಳಬೇಕಾಗುತ್ತಿತ್ತು. ಹದಿಮೂರು ಜನರ ಮುಂದೆ ಅವಳನ್ನು ಬೈದವನು ಅದನ್ನು ಹದಿಮೂರು ಜನರ ಮುಂದೆಯೇ ತಿರುಗಿ ನುಂಗಬೇಕಿತ್ತು. ದೇವರ ಹೂವನ್ನು ಕೊಳೆಸಿದವನು ನಾನು ಎಂದೂ ಹೇಳಬೇಕಿತ್ತು. ನಾನು ಗಾಡಿ ತಿರುಗಿಸಿಕೊಂಡು ಬ್ಯಾಡಗಿಗೆ ಹೋದೆ. ಹೂವಿನ ಪೇಪರಿನ ಗಂಟನ್ನು ದಾರಿಯಲ್ಲಿ ಒಂದು ಬನ್ನಿ ಗಿಡದ ಬುಡದಲ್ಲಿಟ್ಟೆ.

ಮುಂದಿನ ಶನಿವಾರ ಮಾಲೆಯನ್ನು ಗಾಜಿಗೆ ಏರಿಸಲಿಲ್ಲ, ಚೀಲದಲ್ಲಿ ಹಾಕಿಕೊಂಡೆ. ಆಯಿಗೆ ಅದೂ ಕಂಡಿತು. ಹಣಮಪ್ಪನ ಮೇಲೆ ಸಿಟ್ಟಾಗಿದ್ದೀಯಾ ಎಂದು ಕೇಳಿದಳು. ಹೂವು ತುಟ್ಟಿಯಾಗಿದೆ ಎಂದೆ.

ಆಷಾಢದಲ್ಲಿ ಮಳೆ ಹಿಡಿಯಿತು. ಸಂಜೆ ವಾಪಸು ಬರುವಾಗ ಮೋಡದ ಕತ್ತಲೆ. ಮುಂದಿನ ದೀಪ ಇದ್ದಕ್ಕಿದ್ದಂತೆ ಆರುತ್ತಿತ್ತು. ಫ್ಯೂಸಿನ ಡಬ್ಬಿಯ ಮೇಲೆ ಗುದ್ದಿದರೆ ಮತ್ತೆ ಹತ್ತುತ್ತಿತ್ತು. ಗುದ್ದುವುದಕ್ಕಿಂತ ಬೆರಳಿನಿಂದ ಒತ್ತಿ ಹಿಡಿದರೆ ದೀಪ ಆರದೆ ಉಳಿಯುತ್ತದೆ ಎಂದು ನಾನೇ ಕಂಡುಹಿಡಿದೆ. ಓಡಿಸುವವನಿಗೆ ಅಲ್ಲಿಗೆ ಕೈ ನಿಲುಕುವುದಿಲ್ಲ, ಅವಳಿಗೆ ನಿಲುಕುತ್ತದೆ. "ಇಲ್ಲೆ ಒತ್ತಿ ಹಿಡಿಯವಾ ಒಂದೀಟು," ಎಂದೆ.

ಮೊದಲ ಸಲ ಅವಳು ಕೈ ಹಿಂದೆಗೆದಳು. ಕರೆಂಟು ಹೊಡೆದೀತೇನೋ ಎಂಬ ಅಂಜಿಕೆ. ಹಿಂದಿನವರೂ ಬೇಡ ಎಂದರು. ನಾನು ಓದಿದವನ ಗತ್ತಿನಲ್ಲಿ ಇದು ಮನೆಯ ಕರೆಂಟಲ್ಲ, ಬ್ಯಾಟರಿಯದು, ಹನ್ನೆರಡು ವೋಲ್ಟಿಗೆ ಇರುವೆಯೂ ಸಾಯುವುದಿಲ್ಲ ಎಂದು ಪಾಠ ಹೇಳಿದೆ. ಶಾಲೆಯಲ್ಲಿ ವಿಜ್ಞಾನದಲ್ಲಿ ನನಗೆ ಒಳ್ಳೆಯ ಅಂಕ ಬಂದಿದ್ದವು ಎಂದೂ ಹೇಳಿದೆ. ಅವಳು ಒತ್ತಿದಳು. ದೀಪ ಹತ್ತಿತು. ನೋಡಿದಿರಾ ಎಂದೆ. ಹಾಗೆ ಅದು ರೂಢಿಯಾಯಿತು. ದೀಪ ಮಿಣುಕಿದರೆ ಸಾಕು, ನಾನು ಹೇಳುವ ಮೊದಲೇ ಅವಳ ಬಲಗೈ ಅಲ್ಲಿಗೆ ಹೋಗುತ್ತಿತ್ತು. ಎರಡು ಮೂರು ಸಲ, ಬಿಸಿ ಆಗುತ್ತದೆ ಕಾಕಾರ ಎಂದಿದ್ದಳು. ಸೆರಗು ಸುತ್ತಿಕೊಂಡು ಒತ್ತು ಎಂದಿದ್ದೆ.

ಆ ಸಂಜೆಯ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬ್ಯಾಡಗಿ ಬಿಟ್ಟಾಗ ಆರು ಗಂಟೆ ದಾಟಿತ್ತು. ಮಳೆ ಧೋ ಎಂದು ಬಾರದೆ, ಬಿಟ್ಟು ಬಿಟ್ಟು ಬರುತ್ತಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು. ತುಂಬು ಬಿಡಿಸಿ ಬಂದವರ ಸೀರೆ, ಕೂದಲು, ಉಸಿರು ಎಲ್ಲದರಲ್ಲೂ ಖಾರ ಇರುತ್ತದೆ. ಮುಚ್ಚಿದ ಗಾಡಿಯಲ್ಲಿ ದಾರಿಯುದ್ದಕ್ಕೂ ಕೆಮ್ಮು. ಹದಿನಾರು ವರ್ಷದಲ್ಲಿ ಆ ಕೆಮ್ಮು ನನಗೆ ಎಂಜಿನ್ನಿನ ಸದ್ದಿನಷ್ಟೇ ರೂಢಿಯಾಗಿತ್ತು. ಹಾಗಾಗಿ ಕದರಮಂಡಲಗಿ ದಾಟಿದ ಮೇಲೆ ಕೆಮ್ಮು ಹೆಚ್ಚಾದಾಗ ಯಾರಿಗೂ ಬೇರೆ ಅನ್ನಿಸಲಿಲ್ಲ. ಈ ಸಲದ ಮಾಲು ಬಹಳ ಖಾರ ಎಂದು ಹಿಂದೆ ಯಾರೋ ಹೇಳಿದರು. ನನ್ನ ಗಂಟಲಿಗೆ ಮಾತ್ರ ಅದು ಖಾರ ಅನ್ನಿಸಲಿಲ್ಲ. ಸ್ವಲ್ಪ ಸಿಹಿಯಿತ್ತು ಅದರಲ್ಲಿ, ಪ್ಲಾಸ್ಟಿಕ್ ಕಾದರೆ ಬರುತ್ತದಲ್ಲ, ಹಾಗೆ.

ದೀಪ ಆರಿತು. ಎದುರಿನಿಂದ ಲಾರಿ ಬರುತ್ತಿತ್ತು, ಅದರ ಬೆಳಕು ಒದ್ದೆ ಗಾಜಿನ ತುಂಬ ಹರಡಿ ರಸ್ತೆಯೇ ಕಾಣದಾಯಿತು. ಒತ್ತಿ ಹಿಡಿ ಎಂದೆ. ಅವಳು ಆಗಲೇ ಒತ್ತಿದ್ದಳು. ದೀಪ ಬಂತು. ಲಾರಿ ನಮ್ಮ ಬದಿ ಉಜ್ಜಿಕೊಂಡಂತೆ ಹೋಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರು. ನಾನು ಸ್ಟೇರಿಂಗ್ ಮೇಲೆ ಬಗ್ಗಿ ಕೂತಿದ್ದೆ.

"ಕಾಕಾರ, ಸುಡಾಕತ್ತೈತ್ರಿ."

ಅವಳು ಕೂಗಲಿಲ್ಲ, ಮೆಲ್ಲಗೆ ಹೇಳಿದಳು. ಎಡಗಡೆ ಪೆಟ್ರೋಲ್ ಬಂಕಿನ ಬೆಳಕು ಕಾಣುತ್ತಿತ್ತು. ಮುಂದೆ ವಿಶಾಲವಾದ ಕಾಂಕ್ರೀಟು ನೆಲ, ಮೇಲೆ ತಗಡಿನ ಚಪ್ಪರ. ನಿಲ್ಲಿಸಲು ಅದಕ್ಕಿಂತ ಒಳ್ಳೆಯ ಜಾಗ ಆ ದಾರಿಯಲ್ಲಿಲ್ಲ. ನಾನು ಅದನ್ನು ನೋಡಿದೆ. ನಿಲ್ಲಿಸಿದರೆ ಎಲ್ಲರೂ ಇಳಿಯುತ್ತಾರೆ, ಬೆಳಕಿನಲ್ಲಿ ಡಬ್ಬಿ ಬಿಚ್ಚಬೇಕಾಗುತ್ತದೆ, ಮೇಲಿಂದ ತೊಟ್ಟಿಕ್ಕುವ ನೀರು ಎಲ್ಲರಿಗೂ ಕಾಣುತ್ತದೆ ಎಂದು ನನ್ನ ತಲೆಯಲ್ಲಿ ಓಡಿತು. ಇಷ್ಟು ಯೋಚಿಸಲು ಎಷ್ಟು ಹೊತ್ತು ಬೇಕು? ನನಗೆ ಅಷ್ಟು ಹೊತ್ತಿತ್ತು.

"ಊರು ಬಂತು. ಬಿಡಬ್ಯಾಡ, ಬಿಟ್ಟೀಯಂದ್ರ ಎಲ್ಲಾರೂ ಹೋಕ್ಕೀವಿ," ಎಂದೆ.

ಬಂಕು ಹಿಂದೆ ಹೋಯಿತು.

ಆಮೇಲೆ ಅವಳು ಹಲ್ಲಿನ ನಡುವಿಂದ ಉಸಿರು ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ಎರಡು ಕಿಲೋಮೀಟರ್ ಇರಬಹುದು. ದೀಪ ಒಂದು ಸಲವೂ ಆರಲಿಲ್ಲ. ನಾನು ಅವಳ ಕಡೆ ನೋಡಲಿಲ್ಲ. ನೋಡಿದ್ದರೆ ಹೊಗೆ ಕಾಣುತ್ತಿತ್ತು. ಕೊನೆಗೆ ಪಟ್ ಎಂದು ಸದ್ದಾಗಿ ನೀಲಿ ಬೆಳಕು ಚಿಮ್ಮಿತು. ದೀಪ, ವೈಪರ್ ಎಲ್ಲ ಒಟ್ಟಿಗೆ ಹೋದವು. ನಾನು ಬ್ರೇಕ್ ತುಳಿದೆ. ಗಾಡಿ ರಸ್ತೆಯ ಅಂಚಿಗೆ ಜಾರಿ ನಿಂತಿತು. ಡೀಸೆಲ್ ಎಂಜಿನ್ ಮಾತ್ರ ಏನೂ ಆಗದವರ ಹಾಗೆ ಗುರುಗುಟ್ಟುತ್ತಲೇ ಇತ್ತು.

ಹಿಂದಿನವರು ಮೊಬೈಲಿನ ಬೆಳಕು ಹಾಕಿದರು. ಅವಳ ಕೈ ಇನ್ನೂ ಅಲ್ಲೇ ಇತ್ತು. ಕರಗಿದ ಡಬ್ಬಿ ಬೆರಳುಗಳನ್ನು ಹಿಡಿದುಕೊಂಡಿತ್ತು. ಸೆರಗಿನ ಬಟ್ಟೆಯೂ ಅದರಲ್ಲೇ ಸೇರಿಹೋಗಿತ್ತು. ಆಯಿ ಬಂದು ಅವಳ ಮೊಣಕೈ ಹಿಡಿದು ಬಿಡಿಸಿದಳು. ಎಲ್ಲರೂ ತಮ್ಮ ತಮ್ಮ ಬಾಟಲಿಯಲ್ಲಿ ಉಳಿದ ನೀರನ್ನು ಆ ಕೈಯ ಮೇಲೆ ಸುರಿದರು. ಅವಳು ನನ್ನನ್ನು ಕೇಳಿದ್ದು ಒಂದೇ, "ಎಲ್ಲಾರೂ ಆರಾಮ ಅದಾರಿಲ್ರಿ?"

ಹಿಂದೆ ಬಂದ ಸರಕಿನ ಗಾಡಿಯೊಂದು ನಮ್ಮನ್ನು ರಾಣೇಬೆನ್ನೂರಿನ ಆಸ್ಪತ್ರೆಗೆ ಮುಟ್ಟಿಸಿತು. ವೈದ್ಯರು ಹೇಗಾಯಿತು ಎಂದು ಕೇಳಿದರು. ನನ್ನ ಹಿಂದೆ ಹೆಣ್ಣುಮಕ್ಕಳೆಲ್ಲ ನಿಂತಿದ್ದರು. ಕಾಲ ಬುಡದಲ್ಲಿ ಆಕೆಯ ಬಾಟಲಿಯ ನೀರು ಚೆಲ್ಲಿತ್ತು, ವೈರಿಗೆ ತಾಗಿತು, ಬೇಡವೆಂದರೂ ಕೈ ಹಾಕಿದಳು ಎಂದೆ. ಒಂದು ತಿಂಗಳಿಂದ ಅವಳು ಬಾಟಲಿಯನ್ನೇ ತಂದಿರಲಿಲ್ಲ ಎಂದು ಅವರಲ್ಲಿ ಯಾರಾದರೂ ನೆನಪಿಸಬಹುದಿತ್ತು. ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಒತ್ತು ಎಂದು ನಾನೇ ಕಲಿಸಿದ್ದು ಅವರಿಗೆ ಗೊತ್ತಿತ್ತು, ಆದರೆ ಓದಿದವನು, ಗಾಡಿಯವನು, ಅವತ್ತು ಬೇಡವೆಂದಿರಬಹುದು ಎಂದುಕೊಂಡರು. ಎಂಜಿನ್ನಿನ ಸದ್ದು, ಮಳೆ, ಕೆಮ್ಮಿನ ನಡುವೆ ನಮ್ಮಿಬ್ಬರ ಮಾತು ಹಿಂದಕ್ಕೆ ಕೇಳಿರಲಿಲ್ಲ. ಅವಳು ಕಣ್ಣು ಮುಚ್ಚಿ ಮಲಗಿದ್ದಳು. ಎಚ್ಚರವಿದ್ದಳು.

ಆಮೇಲೆ ಹಾವೇರಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ನಡುಬೆರಳಿನ ತುದಿ ತೆಗೆದರು. ಹೆಬ್ಬೆರಳು, ತೋರುಬೆರಳು ಉಳಿದವು, ಆದರೆ ಒಳಮುಖವಾಗಿ ಬಾಗಿ ಗಟ್ಟಿಯಾದವು. ಅವೆರಡರ ತುದಿ ಒಂದಕ್ಕೊಂದು ತಾಗುವುದಿಲ್ಲ. ಚಹಾದ ಕಪ್ಪನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಾಳೆ. ಮಗಳು ಕಾಲೇಜು ಬಿಟ್ಟು ಕೆಲವು ತಿಂಗಳು ತಾಯಿಯ ಜೊತೆ ಇದ್ದಳು. ತಾಯಿ ಮತ್ತೆ ಕೆಲಸಕ್ಕೆ ಹೋಗುವ ಮೊದಲೇ ನನ್ನ ಸುಳ್ಳು ಬ್ಯಾಡಗಿ ಮುಟ್ಟಿತ್ತು. ವೈರಿನ ಮೇಲೆ ನೀರು ಚೆಲ್ಲಿ ಕೈ ಸುಟ್ಟುಕೊಂಡವಳು, ಎಚ್ಚರಗೇಡಿ ಹೆಂಗಸು ಎಂದು. ಶೆಡ್ಡಿನಲ್ಲಿ ಅವಳಿಗೆ ಮೂಲೆಯ ಜಾಗ ಕೊಟ್ಟರು, ಉದುರಿದ ತುಂಬು ಗುಡಿಸುವ ಕೆಲಸ.

ಗಾಡಿಯನ್ನು ಮನೆಗೆ ಎಳೆಸಿಕೊಂಡು ಬಂದು, ಡಬ್ಬಿ, ವೈರು ಹೊಸದು ಹಾಕಿಸಿದೆ. ಬೆಸೆಯುವವನು ಸಿಗಲಿಲ್ಲವೆಂದು ತಗಡಿನ ತೂತು ಹಾಗೇ ಉಳಿಯಿತು. ಬೇಸಿಗೆಯಲ್ಲಿ ಆ ಗಾಡಿಗೆ ಯಾವ ರೋಗವೂ ಇರಲಿಲ್ಲ. ದೀಪ ಝಗ್ ಎನ್ನುತ್ತಿತ್ತು, ಹಾರ್ನು ಒತ್ತಿದಾಗ ಮಾತ್ರ ಕೂಗುತ್ತಿತ್ತು. ಐರಣಿಯಿಂದ ಒಬ್ಬಾತ ಕೊಳ್ಳಲು ಬಂದು, ಓಡಿಸಿ ನೋಡಿ, ಬಹಳ ಚಲೋ ಇಟ್ಟೀರಿ ಎಂದು ಹೊಗಳಿದ. ಶಾಲೆಯ ಮಕ್ಕಳನ್ನು ಒಯ್ಯಲು ಬೇಕಿತ್ತಂತೆ. ನಾನು ಹೂಂ ಎನ್ನಲು ಬಾಯಿ ತೆರೆದವನು ಜಾಲರಿಯ ತಗಡು ಎತ್ತಿ ತೂತು ತೋರಿಸಿದೆ. ನಡೆದದ್ದನ್ನೂ ಹೇಳಿದೆ. ಅಷ್ಟನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಗುರುತಿಲ್ಲದವನ ಮುಂದೆ. ಆತ ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದ. ಗಾಡಿಯನ್ನು ಗುಜರಿಗೆ ಹಾಕಿದೆ.

ಅದೇ ವಾರ ಅವಳ ಮನೆಗೆ ಹೋದೆ. ಹೊರಗಿನ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಮೆಣಸಿನಕಾಯಿಯ ತುಂಬು ಬಿಡಿಸುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಳು. ಬಾಗಿದ ಬಲಗೈಯಿಂದ ಕಾಯಿಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ಎಡಗೈಯಿಂದ ಮುರಿಯುವುದು. ಕಾಯಿ ಒಡೆಯುತ್ತಿತ್ತು. ಕುಂದ್ರಿ ಕಾಕಾರ ಎಂದಳು. ನಾನು ಕೂರದೆ ಎಲ್ಲವನ್ನೂ ಹೇಳಿದೆ. ಹೂವು, ಮಿಸ್ತ್ರಿ ಹೇಳಿದ್ದು, ಪೆಟ್ರೋಲ್ ಬಂಕು, ಆಸ್ಪತ್ರೆಯ ಮಾತು. ಅವಳು ಕೈ ನಿಲ್ಲಿಸಲಿಲ್ಲ.

"ನನ್ನ ಮುಂದ್ಯಾಕ ಹೇಳ್ತೀರಿ? ನಾ ಅಲ್ಲೇ ಇದ್ನೆಲ್ರಿ," ಎಂದಳು. "ಯಾರ ಮುಂದ ಸುಳ್ಳು ಹೇಳೀರಿ, ಅವರ ಮುಂದ ಹೇಳ್ರಿ."

ಮರುದಿನ ಬೆಳಿಗ್ಗೆ ಹೆಣ್ಣುಮಕ್ಕಳು ಗಾಡಿ ಕಾಯುವ ಕಟ್ಟೆಯ ಬಳಿ ಹೋಗಿ ನಿಂತೆ. ಈಗ ಅವರನ್ನು ಒಯ್ಯುವುದು ಬೇರೆಯವರ ಗಾಡಿ. ಅದು ಬರುವ ಮೊದಲು ಹೇಳಿ ಮುಗಿಸಿದೆ. ಅವಳೂ ಅಲ್ಲೇ ಇದ್ದಳು, ದೂರದಲ್ಲಿ, ಬೆನ್ನು ಮಾಡಿ. ಒಬ್ಬರೂ ಬೈಯಲಿಲ್ಲ. ಬೈಯುತ್ತಾರೆಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಆಯಿ ಎದ್ದು ಬಂದು ನನ್ನ ಮುಖವನ್ನು ಹತ್ತಿರದಿಂದ ನೋಡಿದಳು, ಕಣ್ಣು ಕಾಣದವರು ನೋಡುವ ಹಾಗೆ.

"ನಾನೂ ಆಕೀಗೆ ನಕ್ಕಿದ್ದೆಲ್ಲೋ ನೀರು ಚೆಲ್ತಿ ಅಂತ," ಎಂದಳು. ತಮ್ಮಾ ಎನ್ನಲಿಲ್ಲ. ಅವತ್ತಿನಿಂದ ಎಂದಿಲ್ಲ.

ಶೆಡ್ಡಿನಲ್ಲಿ ಕೆಲಸ ಹಂಚುವ ಮೇಸ್ತ್ರಿಗೂ ಹೇಳಬೇಕಿತ್ತು. ಬಸ್ಸು ಹಿಡಿದು ಬ್ಯಾಡಗಿಗೆ ಹೋದೆ. ಆತ ತಕ್ಕಡಿಯ ಬಳಿ ನಿಂತು ಚೀಲ ತೂಗಿಸುತ್ತಿದ್ದ. ತೂಗುತ್ತಲೇ ಪೂರಾ ಕೇಳಿದ. ಅವಳ ತಪ್ಪಲ್ಲ, ತುಂಬು ಬಿಡಿಸುವ ಸಾಲಿನಲ್ಲಿ ಅವಳ ಜಾಗ ಅವಳಿಗೆ ಕೊಡಿ ಎಂದೆ.

"ಹಿರ್ಯಾರ, ಜಾಗಾ ಇವತ್ತs ಕೊಡ್ತೇನಿ. ತಪ್ಪು ಯಾರದರ ಇರಲಿ, ಬೆರಳು ಯಾರು ಕೊಡ್ತಾರ?"

ಕೊಟ್ಟ. ಅವತ್ತೇ ಅವಳು ಗುಡಿಸುವುದನ್ನು ಬಿಟ್ಟು ಸಾಲಿನಲ್ಲಿ ಬಂದು ಕೂತಳು. ಆಚೀಚೆಯವರ ಎದುರು ರಾಶಿ ಏರುತ್ತಿತ್ತು, ಅವಳ ಎದುರು ಬುಟ್ಟಿಯ ತಳವೂ ಮುಚ್ಚಿರಲಿಲ್ಲ. ಈ ಲೆಕ್ಕದಲ್ಲಿ ಹೋದರೆ ಮುಂದಿನ ತಿಂಗಳು ಸಾಲಿನಿಂದ ಮತ್ತೆ ಮೂಲೆಗೆ ಕಳಿಸುತ್ತಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾನು ಚಪ್ಪಲಿ ಬಿಟ್ಟು, ಗಂಡಸರು ಯಾರೂ ಕೂರದ ಆ ತಾಡಪತ್ರಿಯ ಮೇಲೆ ಅವಳ ಪಕ್ಕದಲ್ಲಿ ಕೂತೆ. ಒಂದೊಂದಾಗಿ ತುಂಬು ಮುರಿದೆ. ಸ್ವಲ್ಪ ಹೊತ್ತಿಗೆ ಬೆರಳ ಸಂದಿಯಲ್ಲಿ ಉರಿ ಶುರುವಾಯಿತು, ಕಣ್ಣಲ್ಲಿ ನೀರು. ಮಧ್ಯಾಹ್ನದ ತನಕ ಬಿಡಿಸಿದ್ದನ್ನು ಬೊಗಸೆಯಲ್ಲಿ ತುಂಬಿಕೊಂಡು ಅವಳ ಬುಟ್ಟಿಗೆ ಹಾಕಲು ಹೋದೆ. ಅವಳು ಬಾಗಿದ ಕೈಯಿಂದ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

"ನಿಮ್ಮದು ಬ್ಯಾರೆ ತೂಗಸ್ರಿ," ಎಂದಳು.